ಹಗುರ ಪುಲ್ಲಿ ಹಾಕ್ಸದಾ, ಬ್ಯಾಡ್ವಾ?

ಹೋದ ಸಲ ಹುರುಳಿಕಾಳು ಬಸ್ಸಾರು ಬರ್ದಿದ್ದೆ, ಈ ಸಲ ಕಾರಿನ ಪುಲ್ಲಿ. ನಗಬ್ಯಾಡಿ. ಮನೇಲಿ 16,000 ರೂಪಾಯಿ ಆಚೆ ಹೋಗುತ್ತೆ ಅಂದ್ರೆ ಅದು ಅಡುಗೆಮನೆ ಬಾಗ್ಲು ದಾಟ್ಕೊಂಡೇ ಹೋಗ್ಬೇಕು. ಅದ್ರಲ್ಲೂ ಅದು ಡೇರಿ ದುಡ್ಡು. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರ್ದು, ಡೇರಿಗೆ ಕ್ಯಾನು ಹೊತ್ತು, ಇವತ್ತು ಫ್ಯಾಟು ಎಷ್ಟು ಬಂತು ಅಂತ ಚೀಟಿ ನೋಡಿ, ಹಿಂಡಿ ಬೂಸದ ಲೆಕ್ಕ ಕಳ್ದು ಉಳಿಸಿದ್ದು. ಮಗಳ ಬಾಣಂತನಕ್ಕೆ ಅಂತ ಬೇರೆ ಮಡಗಿದ್ದೆ.

ನಮ್ಮ ಹುಡ್ಗ ಒಂದು ಭಾನುವಾರ ಬಂದು, "ಅಮ್ಮ, ಕಾರಿಗೆ ಒಂದು ಪುಲ್ಲಿ ಹಾಕ್ಸ್ಬೇಕು. ನಿನ್ನ ಹತ್ರ ಇರೋದ್ರಲ್ಲಿ ಕೊಟ್ಟಿರು, ಮೂರು ತಿಂಗ್ಳಲ್ಲಿ ವಾಪಸ್ ಕೊಡ್ತೀನಿ" ಅಂದ.

"ಇರೋ ಪುಲ್ಲಿಗೆ ಏನ್ ಬಂತ್ಲಾ?" ಅಂದೆ.

"ಏನೂ ಬಂದಿಲ್ಲ ಕನಮ್ಮ. ಅದು ಕಬ್ಬಿಣದ್ದು, ಭಾರ. ಇದು ಅಲ್ಯೂಮಿನಿಯಮ್, ಹಗುರ, ಸೈಜೂ ಚಿಕ್ದು. ಪಿಕಪ್ ಜಾಸ್ತಿ ಆಯ್ತದೆ, ಮೈಲೇಜೂ ಬತ್ತದೆ. ಅಕ್ಕನ್ನ ಕರ್ಕಂಡು ಬರೋಕೆ ಘಾಟಿ ಹತ್ತಬೇಕಲ್ಲ, ಸಲೀಸಾಗಿ ಹತ್ತುತ್ತೆ."

ಕೆಟ್ಟೋಗಿದ್ರೆ ಮಾತೇ ಇರ್ಲಿಲ್ಲ, ತಕ್ಷಣ ಕೊಡ್ತಿದ್ದೆ. ಕೆಡದೇ ಇರೋ ಸಾಮಾನು ಬಿಚ್ಚಿ ಪಕ್ಕಕ್ಕಿಟ್ಟು ಇನ್ನೊಂದು ಹಾಕೋಕೆ ಹದಿನಾರು ಸಾವಿರ ಅಂದ್ರೆ, ಅದೇನು ಅಂತ ತಿಳ್ಕೊಳ್ದೆ ಗಂಟು ಬಿಚ್ಚೋಳಲ್ಲ ನಾನು. ಅಲ್ದೆ ಅವನು ಘಾಟಿ ಮಾತು ಎತ್ತಿದ್ನಲ್ಲ, ಅದೇ ನನಗೆ ಚುರುಕ್ ಅಂದಿದ್ದು. ಮಗಳನ್ನ ಪುತ್ತೂರಿಗೆ ಕೊಟ್ಟಿದೀವಿ. ಚೊಚ್ಚಲು ಹೆರಿಗೆ ತವರಲ್ಲೇ ಆಗ್ಬೇಕು, ಆಷಾಢ ಹುಟ್ಟೋಕೆ ಮುಂಚೆ ಕರ್ಕಂಡು ಬಂದ್ಬುಡಿ ಅಂತ ಅವಳ ಅತ್ತೆ ಹೇಳಿದ್ರು. ಅಂದ್ರೆ ಜೂನ್ ತಿಂಗ್ಳು, ಏಳು ತಿಂಗ್ಳ ಬಸುರಿ, ಮಳೆಗಾಲದ ಶಿರಾಡಿ ಘಾಟಿ, ಹತ್ತು ವರ್ಷದ ಡೀಸೆಲ್ ಗಾಡಿ. ಇದರ ಮಧ್ಯೆ ಹೊಸ ಪುಲ್ಲಿ.

ಪುಲ್ಲಿ ಅಂದ್ರೆ ನಮಗೇನು ಹೊಸದಲ್ಲ. ಬಾವಿ ಮೇಲಿನ ರಾಟೆ ಪುಲ್ಲೀನೇ. ನನ್ನ ಹೊಲಿಗೆ ಮಿಷನ್ನಿನಲ್ಲಿ ಎರಡಿವೆ. ಕಾಲಲ್ಲಿ ತುಳಿಯೋ ದೊಡ್ಡ ಚಕ್ರ ಕೆಳಗೆ, ಕೈ ಹತ್ರದ ಚಿಕ್ಕ ಚಕ್ರ ಮೇಲೆ, ಎರಡಕ್ಕೂ ಸೇರಿ ಒಂದು ತೊಗಲಿನ ಬೆಲ್ಟು. ಕೆಳಗಿಂದು ಒಂದು ಸುತ್ತು ಬರೋವಷ್ಟರಲ್ಲಿ ಮೇಲಿಂದು ಮೂರ್ನಾಲ್ಕು ಸುತ್ತು ಬಂದಿರುತ್ತೆ. ಕಾರಿನಲ್ಲೂ ಅದೇ ಲೆಕ್ಕ. ಇಂಜಿನ್ನಿನ ಕ್ರ್ಯಾಂಕು ಅಂತಾರಲ್ಲ, ಆ ದೊಡ್ಡ ಸರಳಿನ ತುದೀಲಿ ಒಂದು ಪುಲ್ಲಿ. ಮುಂದಿನ ಟಯರ್ ಬಿಚ್ಚಿದ್ರೆ ಒಳಗೆ ಕೆಳಗಡೆ ಸರಿಯಾಗಿ ಕಾಣುತ್ತೆ. ಅದಕ್ಕೆ ಸುತ್ತಿರೋ ಬೆಲ್ಟು ಮೇಲೆ ಹೋಗಿ ಆಲ್ಟರ್ನೇಟರ್ ತಿರುಗಿಸುತ್ತೆ, ಏಸಿ ಕಂಪ್ರೆಸರ್ ತಿರುಗಿಸುತ್ತೆ, ನಮ್ಮ ಗಾಡೀಲಿ ವಾಟರ್ ಪಂಪೂ ಅದ್ರಲ್ಲೇ. ಆಲ್ಟರ್ನೇಟರ್ ಅಂದ್ರೆ ಬ್ಯಾಟ್ರಿ ಚಾರ್ಜ್ ಮಾಡೋದು, ನಮ್ಮ ಕಾಲದೋರು ಡೈನಮೋ ಅಂತಿದ್ರು. ವಾಟರ್ ಪಂಪು ಇಂಜಿನ್ನಿನ ಬಿಸಿ ನೀರನ್ನ ರೇಡಿಯೇಟರಿಗೆ ಕಳ್ಸಿ ತಣ್ಣಗೆ ಮಾಡಿಸೋದು.

ನಮ್ಮ ಹುಡ್ಗ ಹೇಳೋ ಪುಲ್ಲೀಲಿ ಎರಡು ಉಪಾಯ ಸೇರ್ಕೊಂಡಿವೆ. ಒಂದು, ತೂಕ ಕಮ್ಮಿ. ಇನ್ನೊಂದು, ಸುತ್ತಳತೆ ಕಮ್ಮಿ. ಇವೆರಡೂ ಬೇರೆ ಬೇರೆ, ಮಾರೋರು ಮಾತ್ರ ಕಲಸನ್ನದ ಥರ ಒಟ್ಟಿಗೆ ಕಲಸಿ ಬಡಿಸ್ತಾರೆ. ನಾನು ಬಿಡಿಸಿ ಕೂತ್ಕೊಂಡೆ.

ಮೊದಲು ಸುತ್ತಳತೆ. ಕೈಲಿ ಪೆನ್ನು ಹಿಡ್ಕಂಡು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಹಾಕಿದ ಲೆಕ್ಕ ಇದು. ಕೆಳಗಿನ ಪುಲ್ಲಿ 15 ಸೆಂಟಿಮೀಟರ್ ಅಗಲ, ಆಲ್ಟರ್ನೇಟರ್ ಮೇಲಿಂದು 5 ಸೆಂಟಿಮೀಟರ್ ಅಂತ ಇಟ್ಕೊಳಿ. ಕೆಳಗಿಂದು ಒಂದು ಸುತ್ತಿಗೆ ಮೇಲಿಂದು 3 ಸುತ್ತು. ಗಾಡಿ ನಿಂತ ಕಡೆ ಸುಮ್ನೆ ಇಂಜಿನ್ ಓಡ್ತಿರುವಾಗ ಕ್ರ್ಯಾಂಕು ನಿಮಿಷಕ್ಕೆ 800 ಸುತ್ತು ತಿರುಗಿದ್ರೆ ಆಲ್ಟರ್ನೇಟರ್ 2,400 ಸುತ್ತು. ಈಗ ಕೆಳಗಿಂದನ್ನ 12 ಸೆಂಟಿಮೀಟರಿಗೆ ಇಳಿಸಿ. ಆಲ್ಟರ್ನೇಟರ್ 1,920ಕ್ಕೆ ಬಂತು. ಬೆಲ್ಟು ಒಂದೇ ಆದ್ದರಿಂದ ವಾಟರ್ ಪಂಪೂ ಅಷ್ಟೇ ಪಾಲು ನಿಧಾನ, ಏಸಿನೂ ನಿಧಾನ. ಇವು ನಿಧಾನ ಆದ್ರೆ ಇಂಜಿನ್ನಿಗೆ ಹೊರೆ ಕಮ್ಮಿ, ಉಳಿದ ಶಕ್ತಿ ಚಕ್ರಕ್ಕೆ ಹೋಗುತ್ತೆ. ಉಪಾಯ ಸುಳ್ಳಲ್ಲ.

ಯಾರಿಗೆ ಬೇಕು ಈ ಉಪಾಯ? ರೇಸ್ ಗಾಡಿಗೆ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೇಲಿ ರ‍್ಯಾಲಿ ನಡೆಯುತ್ತಲ್ಲ, ಆ ಗಾಡಿಗಳು ಶಬ್ದ ಕೇಳಿದ್ರೇ ಗೊತ್ತಾಗುತ್ತೆ, ಇಂಜಿನ್ನು ಕಿರುಚ್ತಾನೇ ಇರುತ್ತೆ. ನಿಮಿಷಕ್ಕೆ 6,000 ಸುತ್ತು ಅಂದ್ರೆ ಅದೇ ಮೂರರ ಲೆಕ್ಕದಲ್ಲಿ ಆಲ್ಟರ್ನೇಟರ್ 18,000 ಸುತ್ತು. ಅಷ್ಟು ತಿರುಗೋ ಅಗತ್ಯವೇ ಇಲ್ಲ, ಸುಮ್ನೆ ಶಕ್ತಿ ತಿನ್ನುತ್ತೆ. ವಾಟರ್ ಪಂಪಂತೂ ಸುತ್ತು ಏರಿದಷ್ಟೂ ದುಪ್ಪಟ್ಟು ಮುಪ್ಪಟ್ಟು ಶಕ್ತಿ ಎಳ್ಕೊಳ್ಳುತ್ತೆ. ಅಂಥಾ ಗಾಡಿಗೆ ಚಿಕ್ಕ ಪುಲ್ಲಿ ಹಾಕೋದ್ರಲ್ಲಿ ಅರ್ಥ ಇದೆ. ನಮ್ಮ ಗಾಡಿ ಹೊಳೆನರಸೀಪುರದ ಪೇಟೇಲಿ ತರಕಾರಿ ಗಾಡಿ ಹಿಂದೆ ನಿಂತಿರೋ ಗಾಡಿ. ಮೊಸಳೆ ಹೊಸಳ್ಳೀಲಿ ಎಮ್ಮೆ ದಾಟೋದು ಕಾಯೋ ಗಾಡಿ. ಸುತ್ತು ಕಮ್ಮಿ ಇದ್ದಾಗಲೇ ನಮಗೆ ಚಾರ್ಜೂ ಬೇಕು, ತಂಪೂ ಬೇಕು. ಓಡೋ ಗಾಡಿಗೆ ಉಳಿಸೋದು, ನಿಂತ ಗಾಡಿಗೆ ಕಿತ್ಕೊಳ್ಳುತ್ತೆ.

ಇನ್ನು ತೂಕ. ಇದರಲ್ಲಿ ನನಗೆ ನಮ್ಮಪ್ಪ ನೆನಪಾದ್ರು. ನನ್ನ ತವರು ಅರಕಲಗೂಡು ಕಡೆ, ನಮ್ಮಪ್ಪ ಹಿಟ್ಟಿನ ಮಿಲ್ಲು ಮಡಗಿದ್ರು. ಕರೆಂಟು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ ಅನ್ನೋ ಕಾಲ, ಅದಕ್ಕೆ ಡೀಸೆಲ್ ಇಂಜಿನ್ನು. ಡುಗ್ ಡುಗ್ ಡುಗ್ ಅಂತ ಊರಾಚೆಗೂ ಕೇಳೋದು. ಅದರ ಪಕ್ಕದಲ್ಲಿ ಗಾಡಿ ಚಕ್ರದಂಥ ಕಬ್ಬಿಣದ ಗಾಲಿ, ಇಬ್ರು ಗಂಡಸ್ರು ಎತ್ತಕ್ಕಾಗದಷ್ಟು ಭಾರ. ಹ್ಯಾಂಡ್ಲು ಹಾಕಿ ತಿರುಗಿಸಿ ತಿರುಗಿಸಿ, ಆ ಗಾಲಿ ಓಟ ಹಿಡಿದ ಮೇಲೆ ಮೇಲಿನ ಲಿವರ್ ಬಿಡೋರು, ಆಗ ಇಂಜಿನ್ನು ಹತ್ಕೊಳ್ಳೋದು. ಅಲ್ಲಿಂದ ಅಗಲದ ಪಟ್ಟಿ ಬೆಲ್ಟು ಮಿಲ್ಲಿಗೆ. ಬೆಲ್ಟು ಜಾರಿದ್ರೆ ರಾಳ ಉಜ್ಜೋರು, ಆ ಸುಟ್ಟ ವಾಸನೆ ಈಗ್ಲೂ ಮೂಗಲ್ಲಿದೆ. ಹಿಟ್ಟು ಮಾಡಿಸೋಕೆ ಬಂದ ಹೆಂಗಸ್ರಿಗೆಲ್ಲ ನಮ್ಮಪ್ಪಂದು ಒಂದೇ ಮಾತು, ಸೆರಗು ಸಿಗಿಸ್ಕೊಳ್ರವ್ವಾ, ಬೆಲ್ಟು ಯಾರ ಮನೆ ಹೆಣ್ಮಗಳು ಅಂತ ನೋಡಲ್ಲ.

ಯಾಕಪ್ಪ ಇಷ್ಟು ದಪ್ಪ ಗಾಲಿ ಅಂತ ಚಿಕ್ಕೋಳಿದ್ದಾಗ ಕೇಳಿದ್ದೆ. ಇಂಜಿನ್ನು ಒಂದೊಂದು ಏಟಿಗೂ ಎಗರುತ್ತೆ, ಗಾಲಿ ಅದನ್ನ ಸಮಾಧಾನ ಮಾಡುತ್ತೆ ಅಂದಿದ್ರು. ಬೀಸೋ ಕಲ್ಲೂ ಹಂಗೇ. ಮೇಲಿನ ಕಲ್ಲು ತೂಕವಾಗಿದ್ರೆ ಒಂದು ಸಲ ಓಟ ಹಿಡಿದ ಮೇಲೆ ಕೈಗೆ ಎಳೆತ ಗೊತ್ತಾಗಲ್ಲ, ಹಗುರ ಕಲ್ಲಾದ್ರೆ ಸುತ್ತು ಸುತ್ತಿಗೂ ಭುಜ ಜಗ್ಗುತ್ತೆ. ಈ ಅನುಭವ ಇದ್ದಿದ್ರಿಂದ ಹಗುರ ಮಾಡ್ಸೋದು ಲಾಭ ಅಂತ ಯಾರಾದ್ರೂ ಅಂದ ತಕ್ಷಣ ನಂಬಕ್ಕೆ ನನಗೆ ಆಗಲಿಲ್ಲ.

ಅದಕ್ಕೆ ಹುಡುಗನ್ನ ಕರ್ಕೊಂಡು ಹಾಸನದ ಬಿ.ಎಂ. ರಸ್ತೆ ಕಡೆ ಇರೋ ಗ್ಯಾರೇಜಿಗೆ ನಾನೇ ಹೋದೆ. ಗಾಡಿ ತಗೊಂಡಾಗಿಂದ ಅಲ್ಲೇ ಬಿಡೋದು. ಅಲ್ಲಿರೋ ಭಾಯಿ ಮೂವತ್ತು ವರ್ಷದಿಂದ ಡೀಸೆಲ್ ಗಾಡೀನೇ ಬಿಚ್ಚಿ ಕಟ್ಟಿದೋರು. ನಾನು ಗಾಲಿ ವಿಷಯ ಹೇಳಿದೆ. ಅವರು ನಕ್ಕು, "ಅಮ್ಮ, ನಿಮ್ಮ ತಂದೆ ಹೇಳಿದ್ದು ಸರಿ, ಆದ್ರೆ ಆ ಗಾಲಿ ಕೆಲ್ಸ ಮಾಡೋದು ಫ್ಲೈವೀಲು. ಅದು ಕಾರಲ್ಲೂ ಇದೆ, ಆ ಕಡೆ ಗೇರ್‌ಬಾಕ್ಸ್ ಹತ್ರ. ಈ ಕಡೆ ಪುಲ್ಲಿದು ಬೇರೆ ಕೆಲ್ಸ" ಅಂದ್ರು. ಆಮೇಲೆ ಮೂಲೇಲಿ ಬಿದ್ದಿದ್ದ ಒಂದು ಹಳೇ ಪುಲ್ಲಿ ತಂದು ನನ್ನ ಕೈಗೆ ಕೊಟ್ರು. ಅಷ್ಟಗಲದ ಸಾಮಾನಿಗೆ ತೂಕ ಚೆನ್ನಾಗೇ ಇತ್ತು. ತಿರುಗಿಸಿ ನೋಡಿದ್ರೆ ಅದು ಒಂದೇ ತುಂಡಲ್ಲ. ಒಳಗೆ ಒಂದು ಗುಂಬ, ಹೊರಗೆ ಬಳೆ ಥರ ಒಂದು ಉಂಗುರ, ಎರಡರ ಮಧ್ಯೆ ರಬ್ಬರ್.

ಆ ರಬ್ಬರ್ ಯಾಕೆ ಅನ್ನೋದೇ ಇಡೀ ವಿಷಯ. ಭಾಯಿ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಒದ್ದೆ ಪಂಚೇನ ಇಬ್ರು ಎರಡು ತುದಿ ಹಿಡ್ಕಂಡು ಹಿಂಡ್ತೀವಲ್ಲ, ಹಂಗೆ ಇಂಜಿನ್ನಿನ ಕ್ರ್ಯಾಂಕೂ ತಿರುಚ್ಕೊಳ್ಳುತ್ತೆ. ಅಷ್ಟು ದಪ್ಪ ಉಕ್ಕು, ಕಣ್ಣಿಗೆ ಕಾಣದಷ್ಟು ತಿರುಚುತ್ತೆ, ಮತ್ತೆ ಬಿಚ್ಕೊಳ್ಳುತ್ತೆ. ನಾಲ್ಕು ಸಿಲಿಂಡರ್ ಗಾಡೀಲಿ ಒಂದು ಸುತ್ತಿಗೆ ಎರಡು ಸಲ ಡೀಸೆಲ್ ಹತ್ಕೊಂಡು ಏಟು ಬೀಳುತ್ತೆ. 2,000 ಸುತ್ತಲ್ಲಿ ಹೋಗ್ತಿದ್ರೆ ನಿಮಿಷಕ್ಕೆ 4,000 ಏಟು. ಉಯ್ಯಾಲೆ ಆಡಿದ್ದೀರಲ್ಲ, ಬರೋ ಹೊತ್ತಿಗೆ ಸರಿಯಾಗಿ ಒಂದೊಂದು ಸಣ್ಣ ನೂಕು ಕೊಟ್ರೆ ಸಾಕು, ಮರದ ಕೊಂಬೆ ಮುಟ್ಟುತ್ತೆ. ಇಂಜಿನ್ನಲ್ಲೂ ಯಾವುದೋ ಒಂದು ಸುತ್ತಿನಲ್ಲಿ ಏಟಿನ ತಾಳಕ್ಕೂ ಕ್ರ್ಯಾಂಕಿನ ತಿರುಚಿನ ತಾಳಕ್ಕೂ ಕೂಡಿಬಿಡುತ್ತೆ, ಆಗ ಆ ತಿರುಚು ಬೆಳೀತಾ ಹೋಗುತ್ತೆ. ಅದನ್ನ ಬೆಳೆಯಕ್ಕೆ ಬಿಡದೇ ಇರೋದು ಈ ಹೊರಗಿನ ಭಾರದ ಉಂಗುರ. ಕ್ರ್ಯಾಂಕು ಪಟ್ ಅಂತ ಮುಂದಕ್ಕೆ ಎಗರಿದ್ರೆ ಉಂಗುರ ನಾನು ನಿಧಾನಕ್ಕೆ ಬರ್ತೀನಿ ಅಂತ ಹಿಂದೆ ಎಳೆಯುತ್ತೆ, ಮಧ್ಯದ ರಬ್ಬರ್ ಆ ಜಗ್ಗಾಟನ ನುಂಗಿ ಬಿಸಿ ಮಾಡಿ ಆಚೆ ಬಿಡುತ್ತೆ. ಡ್ಯಾಂಪರ್ ಪುಲ್ಲಿ ಅಂತ ಇದರ ಹೆಸ್ರು. ಡೀಸೆಲ್ ಇಂಜಿನ್ನಿನ ಏಟು ಪೆಟ್ರೋಲಿಗಿಂತ ಗಡುಸು, ಅದಕ್ಕೆ ಇದು ಇನ್ನೂ ಮುಖ್ಯ.

ಅಂದ್ರೆ ನಮ್ಮ ಹುಡ್ಗ ದಂಡದ ಭಾರ ಅಂದ್ಕೊಂಡಿದ್ದು ದಂಡದ್ದಲ್ಲ, ಅದು ಕೂಲಿ ಮಾಡ್ತಿರೋ ಭಾರ. ಫೋನಿನಲ್ಲಿ ತೋರಿಸಿದ ಆ ಅಲ್ಯೂಮಿನಿಯಮ್ ಪುಲ್ಲಿ, ನೋಡೋಕೆ ಕೆಂಪಗೆ ನೀಲಿ ಬಣ್ಣದಲ್ಲಿ ಮದುವೆ ತಟ್ಟೆ ಥರ ಮಿಂಚ್ತಿತ್ತು, ಒಂದೇ ತುಂಡು. ರಬ್ಬರೂ ಇಲ್ಲ, ಉಂಗುರವೂ ಇಲ್ಲ.

"ಹಾಕಿದ್ರೆ ಏನಾಗುತ್ತೆ ಭಾಯಿ, ಕ್ರ್ಯಾಂಕು ಮುರ್ದೋಗುತ್ತಾ?" ಅಂದೆ.

"ನಾಳೆ ಮುರಿಯಲ್ಲಮ್ಮ. ನಾಳೆ ಗಾಡಿ ಚೆನ್ನಾಗೇ ಓಡುತ್ತೆ, ನಿಮ್ಮ ಮಗ ಖುಷಿಯಾಗ್ತಾನೆ. ಬೇರಿಂಗು ಸವೆಯೋದು ಒಳಗೆ, ಅದು ಶಬ್ದ ಮಾಡೋ ಹೊತ್ತಿಗೆ ಪುಲ್ಲಿ ಹಾಕಿದ್ದೇ ಮರ್ತೋಗಿರುತ್ತೆ" ಅಂದ್ರು. ಹೆದರಿಸದೇ ಹೇಳಿದ್ದು ನನಗೆ ಹಿಡಿಸ್ತು.

ಹುಡ್ಗ ಸುಮ್ನಿರಲಿಲ್ಲ. ಅವನ ಸ್ನೇಹಿತ ಒಬ್ಬ ಪೆಟ್ರೋಲ್ ಕಾರಿಗೆ ಹಗುರ ಪುಲ್ಲಿ ಹಾಕ್ಸಿ ಒಂದೂವರೆ ವರ್ಷ ಆಯ್ತು, ಏನೂ ಆಗಿಲ್ಲ ಅಂದ. ಭಾಯಿ ಅದನ್ನೂ ತಳ್ಳಿ ಹಾಕಲಿಲ್ಲ. ಎಲ್ಲಾ ಗಾಡಿಗೂ ಈ ರಬ್ಬರ್ ಇರಲ್ಲವಂತೆ. ಕೆಲವು ಸಣ್ಣ ಪೆಟ್ರೋಲ್ ಇಂಜಿನ್ನಿಗೆ ಕಂಪನಿಯೋರೇ ಗಟ್ಟಿ ಕಬ್ಬಿಣದ್ದು ಹಾಕಿರ್ತಾರೆ. ಅಂಥಾ ಕಡೆ ಅದೇ ಅಳತೇಲಿ ಹಗುರಾದ್ದು ಹಾಕಿದ್ರೆ ಡ್ಯಾಂಪರ್ ಹೋಯ್ತು ಅನ್ನೋ ಪ್ರಶ್ನೆನೇ ಇಲ್ಲ. ಆ ಹುಡ್ಗ ಭಾನುವಾರ ಒಬ್ನೇ ಸಕಲೇಶಪುರದ ಕಡೆ ತಿರುವು ರಸ್ತೇಲಿ ಓಡಿಸ್ಕೊಂಡು ಹೋಗಿ ಕಾಫಿ ಕುಡ್ದು ಬರ್ತಾನೆ, ಗೇರ್ ಬದಲಾಯಿಸಿದಾಗ ಇಂಜಿನ್ನು ಚುರುಕಾಗಿ ಏರುತ್ತೆ ಅಂತಾನೆ. ಅವನ ಖುಷಿ ಅವನದು, ಅದಕ್ಕೆ ನಾನು ಯಾಕೆ ಬ್ಯಾಡ ಅನ್ಲಿ? ಹಂಗೇ ಅಂಗಡೀಲಿ ಸಿಗೋದೆಲ್ಲ ಡ್ಯಾಂಪರ್ ತೆಗೆಯೋವೇ ಅಂತಲೂ ಅಲ್ಲ, ರಬ್ಬರ್ ಬದಲು ಒಳಗೆ ಗಟ್ಟಿ ಸಿಲಿಕಾನ್ ಎಣ್ಣೆ ತುಂಬಿರೋ ಡ್ಯಾಂಪರ್ ಬರುತ್ತೆ, ದೊಡ್ಡ ಡೀಸೆಲ್ ಇಂಜಿನ್ನುಗಳಿಗೆ ಆ ಥರದ್ದು ಹಾಕಿರ್ತಾರೆ. ಇಲ್ಲಿ ಕೇಳ್ಬೇಕಾದ್ದು ಒಂದೇ, ನಮ್ಮ ಗಾಡೀಲಿ ಈಗ ಇರೋದು ಯಾವ ಕೆಲ್ಸ ಮಾಡ್ತಿದೆ, ಬರೋದು ಆ ಕೆಲ್ಸ ಮಾಡುತ್ತಾ?

ಮೈಲೇಜ್ ಲೆಕ್ಕ ನಾನು ಅಲ್ಲೇ ಗ್ಯಾರೇಜಿನ ಸ್ಟೂಲ್ ಮೇಲೆ ಕೂತು ಹಾಕ್ದೆ. ಹುಡ್ಗ ದಿನಾ ಹಾಸನಕ್ಕೆ ಕೆಲ್ಸಕ್ಕೆ ಹೋಗೋದು ಬಸ್ಸಲ್ಲಿ, ಕಾರು ತಿಂಗಳಿಗೆ 800 ಕಿಲೋಮೀಟರ್ ಓಡಿದ್ರೆ ಹೆಚ್ಚು. ಲೀಟರಿಗೆ 18 ಕಿಲೋಮೀಟರ್ ಅಂದ್ರೆ 44 ಲೀಟರ್ ಚಿಲ್ಲರೆ, ಡೀಸೆಲ್ 90 ರೂಪಾಯಿ ಅಂತ ಹಿಡಿದ್ರೆ 4,000. ಪುಲ್ಲಿಯಿಂದ ನೂರಕ್ಕೆ ಎರಡು ಪಾಲು ಉಳೀತು ಅಂತಲೇ ಧಾರಾಳವಾಗಿ ಇಟ್ಕೊಳಿ, ತಿಂಗಳಿಗೆ 80 ರೂಪಾಯಿ. ಹದಿನಾರು ಸಾವಿರ ವಾಪಸ್ ಬರೋಕೆ 200 ತಿಂಗ್ಳು. ಹದಿನಾರು ವರ್ಷ ಎಂಟು ತಿಂಗ್ಳು! ಅಷ್ಟೊತ್ತಿಗೆ ಹುಟ್ಟಲಿರೋ ಕೂಸು ಪಿಯುಸಿ ಓದ್ತಿರುತ್ತೆ, ಗಾಡಿ ಗುಜರಿಯಲ್ಲಿರುತ್ತೆ. ಅದೂ ಅಲ್ದೆ ತೂಕ ಕಮ್ಮಿ ಆದ್ರ ಲಾಭ ಇಂಜಿನ್ನಿನ ಓಟ ಏರುವಾಗ ಮಾತ್ರ. ಒಂದೇ ವೇಗದಲ್ಲಿ ಹೈವೇಲಿ ಹೋಗ್ತಿದ್ರೆ ಪುಲ್ಲಿ ಹಗುರ ಇದ್ರೂ ಒಂದೇ ಭಾರ ಇದ್ರೂ ಒಂದೇ, ತಿರುಗ್ತಿರೋದು ತಿರುಗ್ತಿರುತ್ತೆ. ಹುಡ್ಗನ ಮುಖ ಸಣ್ಣಗಾಯ್ತು. "ಎಲ್ಲಾನೂ ದುಡ್ಡಲ್ಲೇ ಅಳೀತೀಯಲ್ಲಮ್ಮ" ಅಂದ. ಸಾಲ ಕೇಳೋಕೆ ಬಂದೋನು ದುಡ್ಡಿನ ಮಾತು ಬ್ಯಾಡ ಅಂದ್ರೆ ಎಂಗೆ?

ನಮ್ಮನೆಯವ್ರು ಪೇಪರ್ ಓದೋರು, ಅವರು ಬೇರೆ ದಾರಿ ಹಿಡಿದ್ರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗೋ ಹಂಗೆ ಗಾಡಿ ಬದಲಾಯಿಸೋ ಹಂಗಿಲ್ಲ ಅಂತ ತೀರ್ಪು ಕೊಟ್ಟಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಅಂದ್ರು. ಆ ತೀರ್ಪು ಆರ್‌ಸಿಯಲ್ಲಿ ಬರೆದಿರೋ ವಿವರಗಳ ಬಗ್ಗೆ, ಅದರಲ್ಲಿ ಪುಲ್ಲಿ ಹೆಸರು ಇರಲ್ಲ ಅಂತ ಹುಡ್ಗ ವಾದ ಮಾಡ್ದ. ಅಪ್ಪ ಮಗ ರಾಗಿಮುದ್ದೆ ಆರೋವರೆಗೂ ಕಿತ್ತಾಡಿದ್ರು. ನನಗೆ ಪೊಲೀಸು ಹಿಡೀತಾರೋ ಇಲ್ವೋ ಅನ್ನೋದು ಚಿಂತೆಯೇ ಆಗಿರಲಿಲ್ಲ.

ಆಮೇಲೆ ಆಗಿದ್ದು ಬೇರೆ. ಭಾಯಿ ನಮ್ಮ ಗಾಡೀದೂ ಒಂದು ಸಲ ನೋಡೇಬುಡೋಣ ಅಂತ ಟಯರ್ ಬಿಚ್ಚಿದ್ರು. ಪರೀಕ್ಷೆ ತುಂಬಾ ಸುಲಭ, ನೀವೂ ಮಾಡಿಸಿ. ಬಿಳಿ ಬಣ್ಣದಲ್ಲಿ ಒಳಗಿನ ಗುಂಬದಿಂದ ರಬ್ಬರ್ ಮೇಲೆ ಹಾಸಿ ಹೊರಗಿನ ಉಂಗುರದವರೆಗೆ ಒಂದು ನೇರ ಗೆರೆ ಎಳೆಯೋದು. ಒಂದೆರಡು ದಿನ ಓಡಿಸಿ ಬಂದು ನೋಡೋದು. ಗೆರೆ ನೇರವಾಗೇ ಇದ್ರೆ ರಬ್ಬರ್ ಹಿಡ್ಕೊಂಡಿದೆ ಅಂತ. ಒಳಗಿನ ತುಂಡು ಒಂದು ಕಡೆ, ಹೊರಗಿನ ತುಂಡು ಒಂದು ಕಡೆ ಸರಿದಿದ್ರೆ ಉಂಗುರ ಜಾರ್ತಿದೆ ಅಂತ. ನಮ್ಮದು ಸರಿದಿತ್ತು. ಬ್ಯಾಟ್ರಿ ಇಟ್ಟು ನೋಡಿದ್ರೆ ರಬ್ಬರ್ ಪೂರಾ ಬಿರುಕು, ಬೇಸಿಗೆ ಕೆರೆ ಥರ. ಕೆಲವು ತಿಂಗಳಿಂದ ಗಾಡಿ ನಿಂತಾಗ ಟಕ ಟಕ ಅಂತಿದ್ದು ಅದೇ ಇರಬೇಕು. ಹುಡ್ಗ ಅದು ಡೀಸೆಲ್ ಗಾಡಿ ಶಬ್ದ, ಹಂಗೇ ಇರುತ್ತೆ ಅಂತಿದ್ದ.

ಅಲ್ಲಿಗೆ ಪುಲ್ಲಿ ಹಾಕ್ಸೋದಂತೂ ಆಯ್ತು, ಯಾವ್ದು ಅನ್ನೋದಷ್ಟೇ ಉಳೀತು. ಹುಡ್ಗನ ಕಣ್ಣು ಮತ್ತೆ ಅರಳ್ತು, "ಹೆಂಗಿದ್ರೂ ಬದಲಾಯಿಸ್ಬೇಕಲ್ಲ, ಅದನ್ನೇ ಹಾಕ್ಸಣ" ಅಂದ. ಸ್ಪೇರ್ ಅಂಗಡಿಯಲ್ಲಿ ಕೇಳಿದ್ರೆ ಮೂರು ದರ. ಕಂಪನಿ ಡಬ್ಬೀದು ಒಂದು. ಕಂಪನಿಗೇ ಮಾಲು ಮಾಡಿಕೊಡೋ ಕಾರ್ಖಾನೆಯೋರು ತಮ್ಮದೇ ಡಬ್ಬೀಲಿ ಹಾಕಿ ಮಾರೋದು ಇನ್ನೊಂದು, ಅದು ಸ್ವಲ್ಪ ಕಮ್ಮಿ. ಹೆಸರು ದಿಕ್ಕು ಇಲ್ಲದ ಲೋಕಲ್ ಮಾಲು ಅರ್ಧಕ್ಕೆ ಅರ್ಧ. ಮತ್ತೊಬ್ಬರು ಲೇತಲ್ಲಿ ಕಡೆಸಿಕೊಡ್ತೀವಿ ಅಂತಲೂ ಅಂದ್ರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋದು ಒಂದು ಕೂದಲೆಳೆ ಸೊಟ್ಟ ಇದ್ರೂ ಬೆಲ್ಟು ತಿಂದಾಕುತ್ತೆ, ಅದಕ್ಕೆ ಲೇತಿನ ಮಾತು ಅಲ್ಲೇ ಬಿಟ್ವಿ. ಲೋಕಲ್ ಮಾಲಿನ ಕಷ್ಟ ಏನಂದ್ರೆ ರಬ್ಬರು ಕಬ್ಬಿಣಕ್ಕೆ ಎಷ್ಟು ಭದ್ರವಾಗಿ ಅಂಟಿದೆ ಅಂತ ನೋಡಿ ಹೇಳೋಕಾಗಲ್ಲ. ಸೀರೆ ಬಣ್ಣ ಹೋಗುತ್ತೋ ಇಲ್ವೋ ಅಂಗಡೀಲಿ ಗೊತ್ತಾಗುತ್ತಾ? ಮನೇಲಿ ನೆನೆ ಹಾಕಿದ ಮೇಲೇ ಅಲ್ವಾ?

ಕೆಳಗಿನ ದೊಡ್ಡ ಪುಲ್ಲಿ ಕಂಪನಿದೇ ತಗೊಂಡ್ವಿ. ಬೆಲ್ಟು ಬಿಗಿ ಹಿಡಿಯೋ ಟೆನ್ಷನರ್ ಪುಲ್ಲೀಲೂ ಬೇರಿಂಗು ಗೊರ ಗೊರ ಅಂತಿತ್ತು, ಅದನ್ನ ಕಾರ್ಖಾನೆ ಡಬ್ಬೀದು ತಗೊಂಡ್ವಿ, ಸಾಮಾನು ಒಂದೇ, ಸುಮ್ನೆ ಕಂಪನಿ ಹೆಸರಿಗೆ ಯಾಕೆ ದುಡ್ಡು? ಆಲ್ಟರ್ನೇಟರ್ ಮೇಲಿನ ಪುಲ್ಲಿ ಬಗ್ಗೆ ಭಾಯಿ ಒಂದು ಮಾತು ಹೇಳಿದ್ರು. ಕೆಲವು ಡೀಸೆಲ್ ಗಾಡೀಲಿ ಅದು ಸೈಕಲ್ ಫ್ರೀವೀಲ್ ಇದ್ದಂಗೆ, ಒಂದು ಕಡೆಗೆ ಹಿಡಿಯುತ್ತೆ, ಇನ್ನೊಂದು ಕಡೆಗೆ ಬಿಡುತ್ತೆ. ಅದೂ ಇಂಜಿನ್ನಿನ ಎಗರಾಟ ಬೆಲ್ಟಿಗೆ ತಾಕದೇ ಇರಲಿ ಅಂತಲೇ. ಕೆಟ್ಟಾಗ ಕಮ್ಮಿ ದುಡ್ಡಿಗೆ ಸಿಗುತ್ತೆ ಅಂತ ಗಟ್ಟಿ ಪುಲ್ಲಿ ಹಾಕಿಸ್ಕೊಂಡೋರು ಆಮೇಲೆ ಬೆಲ್ಟು ಪಟಪಟ ಬಡಿಯುತ್ತೆ ಅಂತ ಬರ್ತಾರಂತೆ. ನಮ್ಮದು ಚೆನ್ನಾಗಿತ್ತು, ಮುಟ್ಟಲಿಲ್ಲ. ಹೊಸ ಬೆಲ್ಟು, ಕೂಲೆಂಟು, ಮಜೂರಿ ಎಲ್ಲಾ ಸೇರಿ 9,400 ಆಯ್ತು. ಸಾಲ ಅಲ್ಲ, ನಾನೇ ಕೊಟ್ಟೆ.

ಜೂನ್ ಮೂರನೇ ವಾರ ಪುತ್ತೂರಿಗೆ ಹೋದ್ವಿ. ಹೋಗುವಾಗ ಏನೂ ಇಲ್ಲ, ಸಕಲೇಶಪುರ, ದೋಣಿಗಾಲ್ ದಾಟಿ ಇಳ್ದಿದ್ದೇ ಗೊತ್ತಾಗಲಿಲ್ಲ. 2018ರಲ್ಲಿ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಹಾಕಿದ ಕಾಂಕ್ರೀಟು ಚೆನ್ನಾಗೇ ಇದೆ. ಬರುವಾಗ ಮಗಳನ್ನ ಮುಂದಿನ ಸೀಟಲ್ಲಿ ಒರಗಿಸಿ ಕೂರ್ಸಿ, ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಗುಂಡ್ಯಕ್ಕೆ ಬರೋ ಹೊತ್ತಿಗೆ ಮಳೆ ಹೊಯ್ಯೋಕೆ ಶುರುವಾಯ್ತು. ಅಲ್ಲಿಂದ ಮೇಲೆ ಹತ್ತಿ ಸ್ವಲ್ಪ ದೂರಕ್ಕೆ ಸಾಲುಗಟ್ಟಿ ಲಾರಿ, ಬಸ್ಸು. ಮೇಲೆ ಎಲ್ಲೋ ಒಂದು ಲಾರಿ ಅಡ್ಡ ನಿಂತಿದೆ ಅಂದ್ರು. ಎರಡೂವರೆ ಗಂಟೆ. ಪೂರ್ತಿ ನಿಂತಿದ್ರೆ ಇಂಜಿನ್ ಆಫ್ ಮಾಡ್ಬೋದಿತ್ತು, ಹತ್ತಡಿ ಹೋಗೋದು ನಿಲ್ಲೋದು, ಹತ್ತಡಿ ಹೋಗೋದು ನಿಲ್ಲೋದು. ಕತ್ತಲು, ಹೆಡ್‌ಲೈಟು ಹಾಕಲೇಬೇಕು, ವೈಪರ್ ನಿಲ್ಸಂಗಿಲ್ಲ, ಗಾಜಿಗೆ ಮಂಜು ಕಟ್ಟುತ್ತೆ ಅಂತ ಏಸಿನೂ ಬ್ಲೋಯರೂ ಓಡ್ತಾನೇ ಇತ್ತು. ಏರು ರಸ್ತೆ, ಮೊದಲನೇ ಗೇರು. ಕರೆಂಟೆಲ್ಲಾ ಖರ್ಚಾಗೋದು, ಇಂಜಿನ್ನು ಬಿಸಿ ಆಗೋದು ಇಂಥಾ ಹೊತ್ತಲ್ಲೇ. ಮಗಳು ಎರಡು ಸಲ ಹೊಟ್ಟೆ ಹಿಡ್ಕಂಡು ಬಿಗಿ ಆಗ್ತಿದೆ ಅಂದ್ಲು. ನಾನು ಹಿಂದಿನಿಂದ ಅವಳ ಸೊಂಟ ನೀವ್ತಾ, ಕಣ್ಣು ಮಾತ್ರ ಆ ಬಿಸಿ ತೋರ್ಸೋ ಮುಳ್ಳಿನ ಮೇಲೆ. ಅದು ಮಧ್ಯದಲ್ಲೇ ಇತ್ತು. ಬ್ಯಾಟ್ರಿ ದೀಪ ಹತ್ತಲಿಲ್ಲ. ರಾತ್ರಿ ಹನ್ನೊಂದೂವರೆಗೆ ಮನೆ ಸೇರಿದ್ವಿ, ಬಂದ ತಕ್ಷಣ ಬಿಸಿನೀರು ಕಾಯಿಸಿ ಕಾಲಿಗೆ ಹಾಕಿ ಮಲಗಿಸ್ದೆ. ನೋವು ತಾನಾಗೇ ಕಮ್ಮಿ ಆಯ್ತು.

ಆ ಅಲ್ಯೂಮಿನಿಯಮ್ ಪುಲ್ಲಿ ಹಾಕಿಸಿದ್ರೆ ಗಾಡಿ ಅಲ್ಲೇ ಕೆಟ್ಟು ನಿಂತಿರ್ತಿತ್ತು ಅಂತ ನಾನು ಹೇಳಲ್ಲ. ಹುಡ್ಗ ಈಗ್ಲೂ ಅದೇ ಅಂತಾನೆ, ಅದಿದ್ರೂ ಬಂದೇ ಬರ್ತಿದ್ವಿ ಅಂತ. ಬರ್ತಿದ್ವೇನೋ. ಅವತ್ತು ಆ ಮಳೇಲಿ ಏನೋ ಅಂತ ಲೆಕ್ಕ ಹಾಕ್ಕೊಂಡು ಕೂರೋ ಕೆಲ್ಸ ನನಗಿರಲಿಲ್ಲ, ಅಷ್ಟಕ್ಕೇ 9,400.

ಶ್ರಾವಣ ಕಳೆದು ಗಣೇಶನ ಹಬ್ಬದ ಹೊತ್ತಿಗೆ ಹೆಣ್ಣು ಕೂಸು. ಉಳಿದ ಆರು ಸಾವಿರ ಚಿಲ್ಲರೇಲಿ ಬಾಣಂತಿಗೆ ಒಣಶುಂಠಿ, ಮೆಣಸು, ಬೆಳ್ಳುಳ್ಳಿ, ತುಪ್ಪದ ಖರ್ಚು ಆಯ್ತು. ಹುಡ್ಗ ಸರ್ವಿಸ್‌ಗೆ ಬಿಟ್ಟಾಗೆಲ್ಲ ಈಗ ತಾನೇ ಬಗ್ಗಿ ಬಿಳಿ ಗೆರೆ ನೋಡ್ತಾನೆ. ಮೊನ್ನೆ ಮಾತ್ರ ಕಾರು ಮಾರಿ ಪೆಟ್ರೋಲ್‌ದು ತಗೋಳಣ ಅಂತ ಶುರು ಮಾಡಿದಾನೆ. ಯಾಕೆ ಅಂತ ನನಗೆ ಚೆನ್ನಾಗೇ ಗೊತ್ತು.